ಪೈಲಟ್ ಕೇಳಿದ ನನ್ನ ಹಾರ್ನ್ ಕಥೆ

ಹೋದ ಭಾನುವಾರ ನಮ್ಮ ಮನೆಗೆ ಒಬ್ಬ ಪೈಲಟ್ ಬಂದಿದ್ದ. ನಿಜವಾದ ಪೈಲಟ್. ವಿಮಾನ ಹಾರಿಸುವವನು. (ಬಂದದ್ದು ಮಾತ್ರ ಮಾವನ ಮೊಪೆಡ್‌ನಲ್ಲಿ.)

ಹೆಸರು ಇಮ್ತಿಯಾಜ್. ಚಿಂತಾಮಣಿಯ ನಮ್ಮ ಬೀದಿಯಲ್ಲೇ ನಾಲ್ಕು ಮನೆ ಆಚೆ ಇರುವ ಅನ್ವರ್ ಸಾಬರ ಅಳಿಯ. ಪೈಲಟ್‌ಗಳ ಮುಷ್ಕರ ನಡೆಯುತ್ತಿರುವುದು ನಿಮಗೆ ಪೇಪರಿನಿಂದ ಗೊತ್ತು. ನಮ್ಮ ಬೀದಿಗೆ ಗೊತ್ತಾದದ್ದು ಸಾಬರ ಮನೆಯ ಬಿರಿಯಾನಿಯ ವಾಸನೆಯಿಂದ. ಮೊದಲ ವಾರ ದಿನವೂ ಬಿರಿಯಾನಿ. ಎರಡನೇ ವಾರ ಬೇಳೆಸಾರು. ಅಳಿಯನಾದರೂ ಎಷ್ಟು ದಿನ?

ಬಂದವನು ಕುರ್ಚಿಯ ತುದಿಯಲ್ಲಿ ಕುಳಿತ. ಟೀ ಮುಟ್ಟಲಿಲ್ಲ.

"ಅಂಕಲ್, ಮಾವ ಕಳಿಸಿದ್ರು. ಈ ವಿಷಯದಲ್ಲಿ ಇಡೀ ಚಿಂತಾಮಣಿಗೆ ನೀವೊಬ್ರೇ ಎಕ್ಸ್‌ಪರ್ಟ್ ಅಂತೆ."

ನನ್ನ ಎದೆ ಉಬ್ಬಿತು. ಓದಿದ್ದು ಎಸ್ಸೆಸ್ಸೆಲ್ಸಿ. ಮೂವತ್ತು ವರ್ಷ ತಿರುಗಿಸಿದ್ದು ಬಸ್ಸಿನ ಸ್ಟೀರಿಂಗು. ವಿಮಾನದವರಿಗೆ ನನ್ನ ಸಲಹೆ!

"ಯಾವ ವಿಷ್ಯನಪ್ಪ?"

"ಸ್ಟ್ರೈಕ್ ಮುರಿಯೋದು."

ಉಬ್ಬಿದ ಎದೆ ಪಂಕ್ಚರ್.

ಅನ್ವರ್ ಸಾಬರು ಹನ್ನೆರಡು ವರ್ಷಗಳಿಂದ ನನ್ನೊಡನೆ ಮಾತಾಡಿಲ್ಲ. ಈಗ ಬೈಯಲಿಕ್ಕೂ ಅಳಿಯನನ್ನು ಕಳಿಸಿದ್ದಾರೆ ಎಂದುಕೊಂಡೆ. ಆದರೆ ಹುಡುಗನ ಮುಖ ನೋಡಿದರೆ ಅದು ತಮಾಷೆಯಾಗಿರಲಿಲ್ಲ. ಕಂಪನಿಯವರು ಫೋನ್ ಮಾಡಿದ್ದರಂತೆ. ನಾಳೆ ಹತ್ತು ಗಂಟೆಯೊಳಗೆ 'ಬರ್ತೀನಿ' ಎಂದರೆ ಅವನು ಕ್ಯಾಪ್ಟನ್. ಭುಜದ ಮೇಲೆ ಮೂರು ಪಟ್ಟಿ ಇರುವ ಕಡೆ ನಾಲ್ಕು.

"ಹೋಗ್ಬೇಕು ಅನ್ಸತ್ತೆ ಅಂಕಲ್. ಆದ್ರೆ ಹೋದ ಸ್ಟ್ರೈಕಲ್ಲಿ ಹಾಗೆ ಹಾರಿಸಿದವ್ರು ಒಬ್ರಿದ್ದಾರೆ. ಇವತ್ತಿಗೂ ಅವ್ರ ಪಕ್ಕದ ಸೀಟಲ್ಲಿ ಕೂತ ಪೈಲಟ್ ಕೆಲಸದ ಮಾತು ಬಿಟ್ಟು ಇನ್ನೊಂದು ಮಾತಾಡಲ್ಲ. ಮೂರು ಗಂಟೆ. ಎದುರಿಗೆ ಬರೀ ಮೋಡ. ನಿಮ್ಗೆ ಹೇಗಿತ್ತು?"

ನಾನು ಗಂಟಲು ಸರಿಮಾಡಿಕೊಂಡು ನನ್ನ ಹಳೆಯ ಕಥೆ ಶುರುಮಾಡಿದೆ. ಅದನ್ನು ನೀವೂ ಇದೇ ಅಂಕಣದಲ್ಲಿ ಒಮ್ಮೆ ಓದಿದ್ದೀರಿ. ಬಸ್ ಮುಷ್ಕರ. ಕೆಂಚಾರ್ಲಹಳ್ಳಿಯ ರೈತರ ಮನೆಯಲ್ಲಿ ರೇಷ್ಮೆಗೂಡು. ನಾಲ್ಕು ದಿನ ತಡವಾದರೆ ಚಿಟ್ಟೆ ಗೂಡು ಕೊರೆದು ಹೊರಬರುತ್ತದೆ, ನೂಲು ಹಾಳು. ಆಗ ಈ ಕರುಣಾಮಯಿ ಇಪ್ಪತ್ತು ಚೀಲ ಗೂಡನ್ನು ಶಿಡ್ಲಘಟ್ಟದ ಮಾರುಕಟ್ಟೆಗೆ...

"ಎರಡು ಚೀಲ," ಅಂತು ಅಡುಗೆಮನೆ.

ನನ್ನ ಹೆಂಡತಿ.

"ಆ ಹುಡ್ಗ ನಿಜವಾಗ್ಲೂ ಕೇಳಕ್ಕೆ ಬಂದವ್ನೆ. ಹಾರ್ನ್ ವಿಷ್ಯ ಹೇಳ್ರೀ ಮೊದ್ಲು."

ಸರಿ, ಹೇಳಿದೆ. ಅಂದು ಅವನಿಗೆ, ಇಂದು ನಿಮಗೆ.

ನಾನೂ ಅನ್ವರ್ ಸಾಬರೂ ಒಂದೇ ಖಾಸಗಿ ಬಸ್ ಕಂಪನಿಯ ಡ್ರೈವರ್‌ಗಳು. ಅವರು ಯೂನಿಯನ್ ಲೀಡರ್. ವಾರಕ್ಕೊಂದು ರಜೆ ಕೊಡಿ ಎಂದು ಎಲ್ಲರೂ ಬಸ್ ಸ್ಟ್ಯಾಂಡಿನ ಹೊಂಗೆಮರದ ಕೆಳಗೆ ಕುಳಿತೆವು. ಐದನೇ ದಿನ ಕಂಪನಿಯ ಸಾಹುಕಾರರು ನನ್ನನ್ನು ಮನೆಗೆ ಕರೆಸಿಕೊಂಡರು. ಅಂಗಳದಲ್ಲಿ ಹೊಸ ಬಸ್ಸು. ಬಾನೆಟ್ಟಿಗೆ ಸೇವಂತಿಗೆ ಹಾರ. ಅದಕ್ಕೆ ಮೂರು ಸ್ವರದ ಏರ್ ಹಾರ್ನ್. ನಮ್ಮ ಕಡೆ ಯಾವ ಬಸ್ಸಿಗೂ ಇರಲಿಲ್ಲ.

"ಒಂದ್ಸಲ ಒತ್ತಿ ನೋಡಯ್ಯ ನಾರಾಯಣಪ್ಪ," ಅಂದರು.

ಒತ್ತಿದೆ. ಮುಗಿಯಿತು. ಇನ್ನೊಂದು ಮಾತು ಅವರು ಆಡಬೇಕಾಗಿರಲಿಲ್ಲ.

ಮರುದಿನ ಬೆಳಿಗ್ಗೆ ಶಿಡ್ಲಘಟ್ಟಕ್ಕೆ ಹೊರಟೆ. ಬಸ್ಸಿನಲ್ಲಿ ಒಂಬತ್ತು ಜನ, ಎರಡು ಚೀಲ ಗೂಡು. ಹೊಂಗೆಮರದ ಮುಂದೆ ತಲೆ ತಗ್ಗಿಸಿ ಹೋಗಿದ್ದರೆ ಒಂದಲ್ಲ ಒಂದು ದಿನ ಕ್ಷಮಿಸುತ್ತಿದ್ದರೇನೋ. ನಾನು ಹಾರ್ನ್ ಒತ್ತಿದೆ. ಮೂರೂ ಸ್ವರ. (ಇದನ್ನು ಹನ್ನೆರಡು ವರ್ಷ ಯಾರಿಗೂ ಬರೆದಿರಲಿಲ್ಲ.)

ಎದುರು ಬರುವ ಬಸ್ಸಿನ ಡ್ರೈವರ್ ಕಂಡರೆ ಸ್ಟೀರಿಂಗಿನಿಂದ ಬಲಗೈ ಎತ್ತುವುದು ನಮ್ಮ ಪದ್ಧತಿ. ಪರಿಚಯ ಬೇಕಿಲ್ಲ, ಜಾತಿ ಬೇಕಿಲ್ಲ. ಅದೇ ಅಭ್ಯಾಸಕ್ಕೆ ಅಂದೂ ಎತ್ತಿದೆ. ಮರದ ಕೆಳಗೆ ಮೂವತ್ತು ಡ್ರೈವರ್‌ಗಳು. ಒಂದು ಕೈ ಏಳಲಿಲ್ಲ. ಅನ್ವರ್ ಸಾಬರದು ಮಾತ್ರ ಕಿವಿಯವರೆಗೆ ಬಂದು, ಏನೋ ನೆನಪಾದ ಹಾಗೆ ಟೋಪಿ ಸರಿಮಾಡಿಕೊಂಡು ಕೆಳಗಿಳಿಯಿತು.

ಮುಷ್ಕರ ಗೆದ್ದಿತು. ವಾರದ ರಜೆ ನನಗೂ ಬಂತು. ರಜೆಯ ದಿನ ಟೀ ಅಂಗಡಿಗೆ ಹೋದರೆ ಬೆಂಚೇ ಖಾಲಿ. ಅಂಗಡಿಯ ವೆಂಕಟರವಣಪ್ಪ ನಗುತ್ತಿದ್ದ: "ರಾ ಅಣ್ಣಾ, ಆರಾಮಾಗಿ ಕೂತ್ಕೋ. ಇಡೀ ಬೆಂಚು ನಿಂದೇ." ರಸ್ತೆಯಲ್ಲಿ ನಾನು ಕೈ ಎತ್ತುತ್ತಲೇ ಇದ್ದೆ. ಎದುರಿನವರಿಗೆ ಅದೇ ಹೊತ್ತಿಗೆ ಎಡಗಡೆ ಏನಾದರೂ ಕಾಣುತ್ತಿತ್ತು. ಗೌರಿಬಿದನೂರಿನ ಡ್ರೈವರ್‌ಗಳಿಗೂ ಸುದ್ದಿ ಮುಟ್ಟಿತ್ತು. ರಿಟೈರ್ ಆಗುವವರೆಗೂ ಅದೇ.

ಇಮ್ತಿಯಾಜ್ ಆರಿದ ಟೀಯನ್ನೇ ಕುಡಿದ.

"ಹಾರ್ನ್ ಏನಾಯ್ತು ಅಂಕಲ್?"

"ಮೂರು ತಿಂಗಳಿಗೆ ಕೆಟ್ಟೋಯ್ತಪ್ಪ. ಆಮೇಲೆ ಒಂದೇ ಸ್ವರ. ಅದೂ ನೆಗಡಿ ಆದಂಗೆ."

ಹುಡುಗ ನಕ್ಕ. ನಗುತ್ತಲೇ ಕೈ ತನ್ನ ಭುಜದ ಮೇಲೆ ಹೋಯಿತು, ಪಟ್ಟಿ ಇರುವ ಜಾಗಕ್ಕೆ.

"ಹಾಗಾದ್ರೆ ಹೋಗ್ಬೇಡ ಅಂತೀರಾ?"

"ನಾನು ಹೇಳಿದ್ರೆ ಕೇಳ್ಬೇಡ. ನನ್ಗೆ ಹೇಳೋ ಯೋಗ್ಯತೆ ಇಲ್ಲ. ಒಂದ್ಮಾತು. ಹೋಗೋದಾದ್ರೆ ನಾಲ್ಕನೇ ಪಟ್ಟಿಗೆ ಹೋದೆ ಅಂತ್ಲೇ ಹೇಳು. ಪ್ರಯಾಣಿಕ್ರ ಕಷ್ಟ ನೋಡಕ್ಕಾಗ್ಲಿಲ್ಲ ಅಂತ ಮಾತ್ರ ಕಥೆ ಕಟ್ಬೇಡ. ಅದನ್ನ ಹನ್ನೆರಡು ವರ್ಷ ಹೊತ್ಕೊಂಡು ತಿರುಗೋದು ಸುಸ್ತು ಕಣಪ್ಪ."

ಸೋಮವಾರ ಒಂಬತ್ತೂವರೆಗೆ ಅವನು ಎಸ್‌ಟಿಡಿ ಬೂತಿನೊಳಗೆ ಹೋದದ್ದನ್ನು ಇಡೀ ಬೀದಿ ನೋಡಿತು. (ನಾನು ಪಕ್ಕದ ಅಂಗಡಿಯಲ್ಲಿ ಅರ್ಧ ಗಂಟೆ ಬೆಂಕಿಪೊಟ್ಟಣ ಆರಿಸುತ್ತಿದ್ದೆ.) ಗಾಜಿನ ಬಾಗಿಲು ಸರಿಯಾಗಿ ಮುಚ್ಚುವುದಿಲ್ಲ. "ನೋ ಸರ್," ಅಂದ. ಸ್ವಲ್ಪ ಹೊತ್ತು ಬಿಟ್ಟು, "ನೋ ಸರ್, ಮೂರೇ ಇರ್ಲಿ," ಅಂದ.

ಆ ರಾತ್ರಿ ಸಾಬರ ಮನೆಯಿಂದ ಮತ್ತೆ ಬಿರಿಯಾನಿಯ ವಾಸನೆ.

ಮಂಗಳವಾರ ನಾನು ಸೈಕಲ್ಲಿನಲ್ಲಿ ಬಸ್ ಸ್ಟ್ಯಾಂಡಿನ ಕಡೆ ಹೊರಟಿದ್ದೆ. ಎದುರಿನಿಂದ ಅನ್ವರ್ ಸಾಬರ ಮೊಪೆಡ್. ಹೊಂಗೆಮರದ ಹತ್ತಿರವೇ ಎದುರಾದೆವು. ಅವರ ಬಲಗೈ ಮೇಲೆದ್ದಿತು. ಕಿವಿ ದಾಟಿತು. ನಾನು ಗಾಬರಿಯಿಂದ ಎರಡೂ ಕೈ ಎತ್ತಿ, ಸೈಕಲ್ ಸಮೇತ ಹೂವಿನವಳ ಬುಟ್ಟಿಯ ಪಕ್ಕ ಬಿದ್ದೆ.

"ಟೋಪಿ ಸರಿಮಾಡ್ಕೊಂಡಿರ್ತಾರೆ ಬಿಡ್ರೀ," ಎನ್ನುತ್ತಾಳೆ ಮೊಣಕಾಲಿಗೆ ಅರಿಸಿನ ಹಚ್ಚುತ್ತಾ ನನ್ನ ಹೆಂಡತಿ.

ನೀವೇ ಹೇಳಿ, ಟೋಪಿ ಸರಿಮಾಡಿಕೊಳ್ಳಲು ಯಾರಾದರೂ ಅಷ್ಟು ಎತ್ತರಕ್ಕೆ ಕೈ ಎತ್ತುತ್ತಾರೆಯೇ?