ತಿಪ್ಪೇಶನ ಪೆನ್‌ಡ್ರೈವ್ ಡಿಜೆ

ದೇವಸಮುದ್ರದಲ್ಲಿ ನಾನು ಡಿಜೆ ಹಾಕಿದ್ದ ಮದುವೆಯೊಂದರಲ್ಲಿ ಮದುಮಗಳ ಅಜ್ಜಿಯೇ ಕುಣಿಯಲು ಎದ್ದಿದ್ದರು. ಅಷ್ಟರಲ್ಲಿ ನನ್ನ ಲ್ಯಾಪ್‌ಟಾಪ್ ಬಿಸಿಯಾಗಿ ಡಿಜೆ ಸಾಫ್ಟ್‌ವೇರ್ ನಿಂತುಹೋಯಿತು. ಮದುವೆಗೆ ಅತಿಥಿಯಾಗಿ ಬಂದಿದ್ದ ಮೊಳಕಾಲ್ಮೂರಿನ ಡಿಜೆ, ನನ್ನ ಗೆಳೆಯ ತಿಪ್ಪೇಶ, ವ್ಯಾನಿನಿಂದ ಹಾಡು ಹಾಕುವ ತನ್ನ ಯಂತ್ರ, ಕಂಟ್ರೋಲರ್, ತಂದ. ಅದಕ್ಕೆ ಪೆನ್‌ಡ್ರೈವ್ ಚುಚ್ಚಿದರೆ ಸಾಕು, ಲ್ಯಾಪ್‌ಟಾಪ್ ಬೇಡ. ಚಳ್ಳಕೆರೆಯಲ್ಲಿ ಇಬ್ಬರೂ ಒಟ್ಟಿಗೆ ಕಂಟ್ರೋಲರ್ ಕೊಳ್ಳುವಾಗ ನಾನು ಲ್ಯಾಪ್‌ಟಾಪಿನ ಸಾಫ್ಟ್‌ವೇರಿನಿಂದ ನಡೆಯುವುದೇ ಮೇಲೆಂದು ಅದನ್ನು ಆರಿಸಿದ್ದೆ.

ಹಾಡು ಶುರುವಾಗಿ ಅಜ್ಜಿ ಮತ್ತೆ ಕುಣಿದರು. ಎಲ್ಲರೂ ಅವನ ಬೆನ್ನು ತಟ್ಟಿದರು. ನನಗೆ ಹೊಟ್ಟೆ ಉರಿಯಿತು.

"ಲೇ, ನಿನ್ ಆರ್ಡರ್ ಇದು, ನೀನೇ ನಡೆಸು. ನಾನು ಉಂಡ್ ಬರ್ತೀನಿ" ಎಂದು ಅವನು ಹೊರಟ.

ಸಂಜೆಯವರೆಗೂ ಅವನ ಯಂತ್ರದಲ್ಲೇ ಹಾಡು ಹಾಕಿದೆ. ಇದೂ ಒಮ್ಮೆ ಎಲ್ಲರೆದುರು ಕೆಟ್ಟು ನಿಲ್ಲಬಾರದೇ ಎಂದು ಮನಸ್ಸು ಕಾಯುತ್ತಲೇ ಇತ್ತು. ಅದು ನಿಲ್ಲಲಿಲ್ಲ.