ಹರಿಹರಪುರಕ್ಕೆ ಹೋದ ಒಣ ಸೌದೆ

ಸೀತೂರಿನಲ್ಲಿ ನಡುವಯಸ್ಸಿನ ಹೆಂಗಸೊಬ್ಬರು ಸೌದೆಯ ಹೊರೆಯೊಂದಿಗೆ ನಮ್ಮ ಶೃಂಗೇರಿ ಬಸ್ಸು ಹತ್ತಿದರು. ಅವರ ಮೈಯೆಲ್ಲ ತೊಯ್ದು ತೊಪ್ಪೆಯಾಗಿತ್ತು. ಕೊಡೆ, ಕಂಬಳಿ ಎರಡೂ ಹೊರೆಯ ಮೇಲಿದ್ದವು.

"ಎಂತದು ಮಾರಾಯ್ತಿ, ಬಸ್ಸಲ್ಲೇ ಒಲೆ ಹೂಡ್ತೀರಾ?" ಎಂದು ಕಂಡಕ್ಟರ್ ರೇಗಿದ.

"ಹರಿಹರಪುರದಲ್ಲಿ ಅಣ್ಣ ಹೋಗ್ಬಿಟ್ಟ. ಈ ಸಲ ಕೃತ್ತಿಕೇಲೇ ಮಳೆ ಹಿಡೀತಲ್ಲ, ಅವ್ರ ಮನೆ ಸೌದೆ ಒಳಗೆ ಹಾಕೋ ಮೊದ್ಲೇ ಅಂಗಳದಲ್ಲಿ ನೆಂದೋಯ್ತು. ನೆಂಟರ ಮನೆಯಿಂದೆಲ್ಲ ಒಂದೊಂದು ಹೊರೆ ಹೋಗ್ತಾ ಇದೆ. ಚಿತೆಗೆ ಒಣ ಸೌದೆ ಸಾಲ್ದೆ ನಿನ್ನೆಯಿಂದ ಅಣ್ಣ ಜಗಲಿ ಮೇಲೇ ಇದಾನೆ."

ಕಂಡಕ್ಟರ್ ಹೊರೆಯನ್ನು ತಾನೇ ಎತ್ತಿಕೊಂಡ. ಬಸ್ಸಿನಲ್ಲಿ ಸೋರದ ಸೀಟು ನನ್ನದೊಂದೇ. ನಾನು ಎದ್ದೆ, ಅವನು ಹೊರೆಯನ್ನು ಅಲ್ಲಿಟ್ಟ. ನಮ್ಮ ಮನೆಯಲ್ಲಿ ಡಿಗ್ರಿ ಮಾಡಿದವರಲ್ಲಿ ನಾನೇ ಮೊದಲು. ಕೆಲಸ ಕೇಳಲು ಹೊರಟವನು ಸರ್ಟಿಫಿಕೇಟುಗಳಿಗೆ ಎರಡು ಪದರ ಪ್ಲಾಸ್ಟಿಕ್ ಸುತ್ತಿಕೊಂಡಿದ್ದೆ. ಒಂದನ್ನು ಬಿಚ್ಚಿ ಸೌದೆಗೆ ಹೊದಿಸಿದೆ. ಇನ್ನೊಂದನ್ನು ಬಿಚ್ಚಲು ಮನಸ್ಸು ಬರಲಿಲ್ಲ.

ಹರಿಹರಪುರದಲ್ಲಿ ಮಳೆ ಇನ್ನೂ ಜೋರಾಗಿತ್ತು. ಟಾರ್ಪಾಲು ಹಿಡಿದು ಕಾಯುತ್ತಿದ್ದವರು ಆಕೆಯನ್ನು ಮಾತಾಡಿಸುವ ಮೊದಲು ಹೊರೆಯೊಳಗೆ ಕೈ ತೂರಿಸಿ ನೋಡಿದರು.

"ನೆಂದಿಲ್ಲ," ಎಂದ ಒಬ್ಬ.

ಅಲ್ಲಿಯವರೆಗೆ ಅಳದಿದ್ದ ಆಕೆ ಆಗ ರಸ್ತೆಯಲ್ಲೇ ಕುಸಿದು ಕೂತು ಅತ್ತರು.