ಧಣಿಯ ಹುಕ್ಕಾಕ್ಕೆ ಹೋದ ಉಸಿರು

ಸುರಪುರದ ಆ ವಾಡೆಯ ಧಣಿಗೆ ತಣ್ಣನೆಯ ಹುಕ್ಕಾ ಮುಟ್ಟಿ ಗೊತ್ತಿರಲಿಲ್ಲ. ತಂಬಾಕು ತುಂಬಿ, ಕೆಂಡ ಇಟ್ಟು, ಹೊಗೆ ಸರಾಗವಾಗಿ ಬರುವವರೆಗೆ ಸೇದಿ ಕೊಡುವುದು ನನ್ನ ಗಂಡನ ಕೆಲಸ. ಧಣಿಗೆ ಎಂಜಲಾಗಬಾರದಲ್ಲ! ಅದಕ್ಕೇ ನನ್ನ ಗಂಡ ಮೊದಲು ತಮ್ಮದೊಂದು ಬಿದಿರಿನ ತುಂಡನ್ನು ನಳಿಕೆಗೆ ಸಿಕ್ಕಿಸಿ ಸೇದುತ್ತಿದ್ದರು. ಕೆಂಡ ಹತ್ತಿದ ಮೇಲೆ ಅದನ್ನು ತೆಗೆದು ಧಣಿಯ ಬೆಳ್ಳಿಯ ಮೂತಿ ಹಾಕಿಕೊಡುತ್ತಿದ್ದರು. ವಾಡೆಗೆ ಬಂದವರಿಗೆಲ್ಲ ಹುಕ್ಕಾ. ಗಂಟಲು ಸುಡುವ ಮೊದಲ ಹೊಗೆಯೆಲ್ಲ ನನ್ನ ಗಂಡನ ಪಾಲು.

ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳವು. ನನ್ನ ಗಂಡನಿಗೆ ತಲೆನೋವು ಶುರುವಾಯಿತು, ಮೂಗಿನಿಂದ ರಕ್ತ ಬಂತು. ಧಣಿಯ ತಾಯಿಯನ್ನು ನೋಡಲು ಯಾದಗಿರಿಯಿಂದ ಡಾಕ್ಟರರು ಬಂದಾಗ ನಾನು ನಾಚಿಕೆ ಬಿಟ್ಟು ಅಡ್ಡ ನಿಂತೆ. ಡಾಕ್ಟರರು ನನ್ನ ಗಂಡನ ತೋಳಿಗೆ ಪಟ್ಟಿ ಕಟ್ಟಿ ನೋಡಿದರು.

“ರಕ್ತದ ಒತ್ತಡ ಭಾಳ ಏರ್ಯಾದ. ತಂಬಾಕಿನ ಹೊಗಿ ಅದನ್ನ ಇನ್ನೂ ಏರಸ್ತದ. ಇವತ್ತಿಂದ ಹುಕ್ಕಾ ಬಂದ್ ಮಾಡು.”

ಧಣಿ ನಕ್ಕ. “ಹುಕ್ಕಾ ಸೇದಾಂವ ನಾನ್ರಿ, ಡಾಕ್ಟರ್ ಸಾಹೇಬ್ರ. ಅವ ಬರೇ ಹಚ್ಚತಾನ.”

ಮರುದಿನವೂ ಹಚ್ಚಿಸಿದ. ಮುಂದಿನ ಬೇಸಿಗೆಯಲ್ಲಿ ನನ್ನ ಗಂಡ ಹುಕ್ಕಾದ ಪಕ್ಕದಲ್ಲೇ ಬಿದ್ದರು. ಬಲಗಡೆಯ ಸ್ವಾಧೀನ ಹೋಯಿತು, ಮಾತು ಹೋಯಿತು, ಅಮಾವಾಸ್ಯೆಯೊಳಗೆ ಜೀವವೂ ಹೋಯಿತು. ವಾಡೆಯ ಕಸ ಹೊಡೆಯುವ ಕೆಲಸ ನನಗೆ ಕೊಟ್ಟು ಧಣಿ ಕೈ ತೊಳೆದುಕೊಂಡ. ಹೊಟ್ಟೆಪಾಡಿಗೆ ಒಪ್ಪಿದಳು ಅಂತ ಎಲ್ಲರೂ ತಿಳಿದರು. ಆ ಬಿದಿರಿನ ತುಂಡು ಸೊಂಟದಲ್ಲಿ ಸಿಕ್ಕಿಸಿಕೊಂಡೇ ನಾನು ಕಸ ಹೊಡೆದೆ.

ಕೊನೆಗೊಂದು ದಿನ ಅದೇ ಡಾಕ್ಟರರು ಅದೇ ಪಟ್ಟಿಯನ್ನು ಧಣಿಯ ತೋಳಿಗೆ ಕಟ್ಟಿ ಅದೇ ಮಾತು ಹೇಳಿದರು. ಈ ಸಲ ಯಾರೂ ನಗಲಿಲ್ಲ. ಸಂಜೆಯೊಳಗೆ ಹುಕ್ಕಾ ಅಟ್ಟ ಸೇರಿತು.

ಹಾಸಿಗೆ ಹಿಡಿದ ಧಣಿಯನ್ನು ಬಿಟ್ಟು ಮನೆಯವರೆಲ್ಲ ಶಹಾಪುರಕ್ಕೆ ಮದುವೆಗೆ ಹೋದ ಮಧ್ಯಾಹ್ನ ಅದನ್ನು ಇಳಿಸಿದೆ. ಅವನು ಸಾಯಲಿ ಅಂತಲೇ ಇಳಿಸಿದೆ, ಸುಳ್ಳೇಕೆ ಹೇಳಲಿ? ಗಂಡನ ಬಿದಿರಿನ ತುಂಡು ಸಿಕ್ಕಿಸಿ ಎದೆ ಉರಿಯುವವರೆಗೆ ಸೇದಿದೆ. ಬೆಳ್ಳಿಯ ಮೂತಿ ಹಾಕಿ ಹಾಸಿಗೆಯ ಮುಂದಿಟ್ಟೆ.

“ಹಚ್ಚೀನ್ರಿ ಧಣಿ, ಸೇದ್ರಿ.”

ಆಸೆಯಿಂದ ಕೈ ಚಾಚಿದ. ಮೂತಿ ಮುಟ್ಟಿದವನು ನನ್ನ ಮುಖ ನೋಡಿ ಕೈ ಹಿಂದಕ್ಕೆಳೆದುಕೊಂಡ.

“ಬ್ಯಾಡ, ಒಯ್ಯಿ. ನನಗ ಅಂಜಿಕಿ ಬರ್ತದ.”

“ನನ್ನ ಗಂಡಗೂ ಬರ್ತಿತ್ತರಿ,” ಎಂದೆ. “ಬ್ಯಾಡ ಅನ್ನಾಕ ಅವರಿಗೆ ಬಾಯಿ ಇರಲಿಲ್ಲ.”

ಆತ ಗೋಡೆಯ ಕಡೆ ಹೊರಳಿದ. ಕೆಂಡವೆಲ್ಲ ಬೂದಿಯಾಗುವವರೆಗೆ ನಾನು ಹುಕ್ಕಾ ತೆಗೆಯಲಿಲ್ಲ.